ಹಿಂದಿನ ಕೊಡತಿ

“ಗುರುಗಳೇ, ಒಂದು ಬ್ಯಾಂಡಿನ ಹಾಡು ಊರಿಗೆಲ್ಲ ಹಿಡಿಸಿಬಿಟ್ರೆ, ಆ ಬ್ಯಾಂಡು ಏನನ್ನಾದ್ರೂ ಕಳ್ಕೊಳ್ಳುತ್ತಾ?”

ಮಂಟೇಲಿಂಗ ಈ ಪ್ರಶ್ನೆಯನ್ನು ಮೈಸೂರಿನಿಂದ ನಂಜನಗೂಡಿನವರೆಗೂ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬರಬೇಕಾದ ಉತ್ತರವನ್ನೂ ತಾನೇ ಗೊತ್ತುಮಾಡಿಕೊಂಡಿದ್ದ. ಗುರುಗಳು ‘ಹೌದಪ್ಪ, ಕಳೆದುಕೊಳ್ಳುತ್ತದೆ’ ಎಂದರೆ ಸಾಕು, ಕೈಮುಗಿದು ಎದ್ದುಬಿಡುವುದು. ಪ್ರಶ್ನೆ ಹೊತ್ತು ಗುರುಗಳ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ಇಂಥವರೇ. ಅವರಿಗೆ ಬೇಕಾದದ್ದು ಉತ್ತರವಲ್ಲ, ಸಾಕ್ಷಿ.

ಗುರುಗಳು, ಅಂದರೆ ಡೋಲು ಕಪನಯ್ಯನವರು, ಡೋಲಿನ ಬಾರು ಬಿಗಿಯುತ್ತ ಕೂತಿದ್ದರು. ತಲೆಯೆತ್ತದೆಯೇ ಕೇಳಿದರು.

“ಯಾವ ಬ್ಯಾಂಡಪ್ಪ?”

“ಯಾವ್ದೋ ಒಂದು. ಸುಮ್ನೆ ಕೇಳ್ದೆ.”

ಸುಮ್ಮನೆ ಕೇಳಿದ್ದೇನೂ ಅಲ್ಲ. ಮಂಟೇಲಿಂಗ ಏಳು ವರ್ಷ ಡೋಲು ಬಾರಿಸಿದ ರಾಕ್ ಬ್ಯಾಂಡಿನ ಹೆಸರು ‘ಹುಣಸೆಕಟ್ಟೆ’. ಐದು ಜನ ಗೆಳೆಯರು. ಮೈಸೂರಿನ ಹೊರಗೆ, ಒಂದು ಇಟ್ಟಿಗೆ ಗೂಡಿನ ಹಿಂದಿದ್ದ ಶೆಡ್ಡಿನಲ್ಲಿ ಹಾಡು ಕಟ್ಟಿದವರು. ಶೆಡ್ಡಿನ ಎದುರಿಗಿದ್ದ ಹುಣಸೆಮರದ ಕಟ್ಟೆಯೇ ಬ್ಯಾಂಡಿಗೆ ಹೆಸರಾಯಿತು. ಗಿಟಾರುಗಳ ನಡುವೆ ಓಲಗದ ಡೋಲು ಸೇರಿಸಿದ್ದು ಅವರ ಹೆಚ್ಚುಗಾರಿಕೆ. ಕಾಲೇಜುಗಳ ಸಮಾರಂಭದಲ್ಲಿ ಇನ್ನೂರು ಮುನ್ನೂರು ಜನ ಕೇಳುತ್ತಿದ್ದರು. ಹೋದ ವರ್ಷ ಅವರದೊಂದು ಹಾಡು ಫೋನಿನಿಂದ ಫೋನಿಗೆ ಹಾರಿ, ಆಟೋಗಳಲ್ಲಿ, ಮದುವೆಮನೆಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಎಲ್ಲೆಂದರಲ್ಲಿ ಕೇಳಿಸತೊಡಗಿತು. ಬೆಂಗಳೂರಿನ ಸಂಗೀತ ಕಂಪನಿಯೊಂದು ಹುಡುಕಿಕೊಂಡು ಬಂತು.

ಕಂಪನಿಯವನಿಗೆ ಎಲ್ಲವೂ ಮೆಚ್ಚಿಗೆಯಾಯಿತು, ಡೋಲೊಂದನ್ನು ಬಿಟ್ಟು. ಡೋಲು ಒರಟು, ಒಂದೊಂದು ಕಡೆ ತಡವಾಗಿ ಬೀಳುತ್ತದೆ, ಲಕ್ಷ ಜನ ಕೇಳುವ ಹಾಡಿಗೆ ಇದು ಆಗದು ಎಂದ. ಬೆಂಗಳೂರಿನ ಡ್ರಮ್ಮರ್ ಒಬ್ಬನನ್ನು ಗೊತ್ತುಮಾಡಿದ. ಹಾಡುಗಾರ ಫೆಲಿಕ್ಸ್ ಬಂದು, “ಸ್ವಲ್ಪ ದಿನ ಅಷ್ಟೇ ಕಣೋ, ಆಮೇಲೆ ನೋಡ್ಕೊಳ್ಳೋಣ,” ಎಂದ. ಮಂಟೇಲಿಂಗ, “ಆಯ್ತು ಬಿಡು,” ಎಂದ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಡಲಿಲ್ಲ.

ಇವತ್ತು ಶುಕ್ರವಾರ. ಭಾನುವಾರ ಬೆಂಗಳೂರಿನ ಮೈದಾನವೊಂದರಲ್ಲಿ ಹುಣಸೆಕಟ್ಟೆಯ ಕಾರ್ಯಕ್ರಮ. ಮೂರು ದಿನದಿಂದ ಫೆಲಿಕ್ಸ್ ಫೋನು ಮಾಡುತ್ತಲೇ ಇದ್ದ, ಮಂಟೇಲಿಂಗ ಎತ್ತಿರಲಿಲ್ಲ. ಕೊನೆಗೆ ಫೆಲಿಕ್ಸ್ ಬರೆದು ಕಳಿಸಿದ್ದ: ‘ಹಾಡಿನ ಮಧ್ಯೆ ಎಲ್ಲ ನಿಂತು ಮತ್ತೆ ಶುರುವಾಗೋ ಜಾಗದಲ್ಲಿ ದಿನಾ ಎಡವ್ತಾ ಇದೀವಿ. ಏನು ಅಂತ ಗೊತ್ತಾಗ್ತಿಲ್ಲ. ಒಂದ್ಸಲ ಮಾತಾಡೋ.’

ಏನು ಎಂದು ಮಂಟೇಲಿಂಗನಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು. ಆ ಜಾಗದಲ್ಲಿ ಫೆಲಿಕ್ಸ್ ಉದ್ದನೆಯ ಸ್ವರವೊಂದನ್ನು ಹಿಡಿದು ನಿಲ್ಲಿಸಿ, ಕೂಡಲೇ ಮೇಲಿನ ಸಾಲನ್ನು ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಅವನಿಗೆ ಉಸಿರು ಸಾಲುವುದಿಲ್ಲ. ಚಿಕ್ಕಂದಿನಲ್ಲಿ ಉಬ್ಬಸ ಕಂಡ ಎದೆ ಅದು. ಮಂಟೇಲಿಂಗ ಹಿಂದೆ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದ. ಬೆನ್ನು ಉಬ್ಬಿ, ಉಸಿರು ತುಂಬಿತೆಂದು ಖಾತ್ರಿಯಾದ ಮೇಲೇ ಡೋಲಿಗೆ ಏಟು ಹಾಕುತ್ತಿದ್ದ. ಆ ಏಟು ಕೇಳಿ ಎಲ್ಲರೂ ಒಟ್ಟಿಗೆ ಶುರುಮಾಡುತ್ತಿದ್ದರು. ಕಂಪನಿಯವನು ತಡ ಎಂದದ್ದು ಇದಕ್ಕೇ. ಫೆಲಿಕ್ಸನಿಗೂ ಈ ಗುಟ್ಟು ತಿಳಿಯದು. ಹೇಳಿದರೆ ಆ ಜಾಗ ಬಂದಾಗಲೆಲ್ಲ ಹೆದರಿಕೊಂಡಾನು ಎಂದು ಮಂಟೇಲಿಂಗ ಹೇಳಿರಲಿಲ್ಲ. ಬೆಂಗಳೂರಿನ ಡ್ರಮ್ಮರ್ ಗಡಿಯಾರ ನೋಡಿ ಬಾರಿಸಿದ ಹಾಗೆ ಬಾರಿಸುವವನು. ಭಾನುವಾರ ಅಷ್ಟು ಜನರ ಎದುರು ಫೆಲಿಕ್ಸನ ಉಸಿರು ಕಟ್ಟುವುದು ಖಂಡಿತ.

ಒಂದೇ ಒಂದು ಮಾತು ಹೇಳಿದ್ದರೆ ಸರಿಹೋಗುತ್ತಿತ್ತು. ಮಂಟೇಲಿಂಗ ಹೇಳುವವನಿರಲಿಲ್ಲ. ಮುಚ್ಚುಮರೆಯೇಕೆ, ಅವನು ಭಾನುವಾರಕ್ಕೆ ಕಾಯುತ್ತಿದ್ದ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿದ.

“ಎತ್ತಪ್ಪ, ಯಾರೋ ಏನೋ,” ಎಂದರು ಗುರುಗಳು.

“ಅಂಥಾದ್ದೇನಿಲ್ಲ ಗುರುಗಳೇ.”

ಗುರುಗಳು ಬಾರನ್ನು ಇನ್ನೊಂದು ಸುತ್ತು ಎಳೆದು ಗಂಟು ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ತಾರಸಿ ಬಡಿಯುವವರ ತಂಡವೊಂದಿತ್ತು. ಸಿಮೆಂಟು ಇನ್ನೂ ಬಾರದ ಕಾಲ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಸುಣ್ಣದ ಗಾರೆ ಹರಡಿ, ಬೆಲ್ಲದ ನೀರು ಚಿಮುಕಿಸುತ್ತ, ಕೊಡತಿ ಎಂಬ ಮರದ ಸುತ್ತಿಗೆಯಿಂದ ದಿನಗಟ್ಟಲೆ ಬಡಿಯಬೇಕು. ಬಡಿದಷ್ಟೂ ಗಾರೆ ಗಟ್ಟಿ. ಅಂಗೈಯಗಲ ಜಾಗ ಮೆತ್ತಗೆ ಉಳಿದರೂ ಸಾಕು, ಮಳೆನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಹತ್ತು ಜನ ಸಾಲಾಗಿ ಕೂತು ಬಡಿಯುತ್ತಿದ್ದರು. ಮೇಸ್ತ್ರಿ ಒಂದು ಸಾಲು ಹಾಡುತ್ತಿದ್ದ, ಉಳಿದವರು ಅದನ್ನೇ ತಿರುಗಿ ಹಾಡುತ್ತಿದ್ದರು. ಹಾಡಿಗೆ ಸರಿಯಾಗಿ ಹತ್ತು ಕೊಡತಿಗಳೂ ಒಟ್ಟಿಗೆ ಬೀಳುತ್ತಿದ್ದವು.

ಹನ್ನೊಂದನೆಯವನೊಬ್ಬನಿದ್ದ. ಅವನು ಸಾಲಿನಲ್ಲಿ ಕೂರುತ್ತಿರಲಿಲ್ಲ, ಹಿಂದೆ ಕೂರುತ್ತಿದ್ದ. ಅವನನ್ನು ಹಿಂದಿನ ಕೊಡತಿಯವನು ಎಂದು ಕರೆಯುತ್ತಿದ್ದರು. ಹತ್ತು ಕೊಡತಿಗಳು ಎಷ್ಟೇ ಸರಿಯಾಗಿ ಬಿದ್ದರೂ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಂದಿ ಉಳಿಯುತ್ತದೆ. ಹತ್ತು ಏಟು ಬಿದ್ದು ಅರೆಕ್ಷಣ ಕಳೆದ ಮೇಲೆ ಅವನು ಆ ಸಂದಿಗೆ ಒಂದು ಏಟು ಹಾಕುತ್ತಿದ್ದ. ಹಾಕಿ, ಕಿವಿಗೊಡುತ್ತಿದ್ದ. ಗಾರೆ ಗಟ್ಟಿಯಾಗಿದ್ದರೆ ಟಣ್ ಎನ್ನುತ್ತದೆ. ಮೆತ್ತಗಿದ್ದರೆ ದಬ್ ಎನ್ನುತ್ತದೆ.

ದಬ್ ಎಂದರೆ ಅವನು ಹಾಡಿನ ನಡುವೆಯೇ, “ಇನ್ನೂ ಅದೆ!” ಎಂದು ಕೂಗುತ್ತಿದ್ದ. ಆಗ ಮೇಸ್ತ್ರಿ ಹಾಡನ್ನು ಮುಂದಕ್ಕೆ ಒಯ್ಯುವ ಹಾಗಿರಲಿಲ್ಲ. ಹಾಡಿದ ಸಾಲನ್ನೇ ಮತ್ತೆ ಹಾಡಬೇಕು, ಬಡಿದ ಜಾಗವನ್ನೇ ಮತ್ತೆ ಬಡಿಯಬೇಕು. ಕೂತಲ್ಲಿಂದ ಒಬ್ಬರೂ ಏಳುವಂತಿಲ್ಲ. ಒಂದೇ ಸಾಲನ್ನು ನಲವತ್ತು ಸಲ ಹಾಡಿದ ದಿನಗಳಿದ್ದವು. ಟಣ್ ಎಂದರೆ ಅವನು ಸುಮ್ಮನಿರುತ್ತಿದ್ದ. ಅವನು ಸುಮ್ಮನಾದರೆ ಆ ಜಾಗ ಮುಗಿಯಿತೆಂದು ಅರ್ಥ, ಬಡಿಯುವವರ ಸಾಲು ಒಂದು ಮೊಳ ಮುಂದಕ್ಕೆ ಸರಿಯುತ್ತಿತ್ತು. ‘ಆಯಿತು’ ಎಂದು ಬಾಯಿಬಿಟ್ಟು ಹೇಳುವ ವಾಡಿಕೆಯೇ ಅವರಲ್ಲಿರಲಿಲ್ಲ.

ಕೈ ಸೋತಾಗ ತಂಡದವರು ಅವನನ್ನು ಬೈದುಕೊಳ್ಳುತ್ತಿದ್ದರು. ಇವನ ಕಿವಿಗೆ ಒಂದು ಬಾಣಲೆ ಗಾರೆ ಸುರಿಯಬೇಕು ಎಂದು ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ. ಅವರು ಬಡಿದ ಒಂದು ತಾರಸಿಯೂ ಸೋರಿರಲಿಲ್ಲ.

ಒಂದು ದಿನ ಒಬ್ಬ ಜವಳಿ ವ್ಯಾಪಾರಿ ಆ ಬೀದಿಯಲ್ಲಿ ಬಂದ. ಮೇಲಿನಿಂದ ಹಾಡು ಕೇಳಿಸಿತು. ಬಿಸಿಲಿನಲ್ಲೇ ನಿಂತ. ಮಧ್ಯಾಹ್ನದವರೆಗೂ ನಿಂತು, ಏಣಿ ಹತ್ತಿ ಮೇಲೆ ಬಂದು, ಈ ಹಾಡನ್ನು ನನ್ನ ಮನೆಯ ಜಗಲಿಯಲ್ಲಿ ನಾಲ್ಕು ಜನರೆದುರು ಹಾಡಿ ಎಂದು ಕೇಳಿಕೊಂಡ. ಜಗಲಿಯಲ್ಲಿ ಏನನ್ನು ಬಡಿಯುವುದು ಎಂದು ತಂಡದವರು ನಕ್ಕರು. ವ್ಯಾಪಾರಿ ಅದಕ್ಕೂ ಉಪಾಯ ಮಾಡಿದ. ಒಳಗೆ ಪೊಳ್ಳಾದ ಹಲಗೆಯ ಪೀಠವೊಂದನ್ನು ಮಾಡಿಸಿಕೊಟ್ಟ. ಅದರ ಮೇಲೆ ಕೊಡತಿ ಬಿದ್ದರೆ ಮೂರು ಬೀದಿಗೆ ಕೇಳಿಸುತ್ತಿತ್ತು.

ಜನ ಸೇರಿದರು. ಹಾಡು ಏರಿತು. ಹಿಂದಿನ ಕೊಡತಿಯವನು ರೂಢಿಯಂತೆ ಹಿಂದೆ ಕೂತು ಬಡಿಯುತ್ತಿದ್ದ. ಪೀಠದ ಒಂದು ಮೂಲೆಯಲ್ಲಿ ಹಲಗೆ ಸಡಿಲವಿತ್ತೋ ಏನೋ, ದಬ್ ಎಂದಿತು. ಅವನು, “ಇನ್ನೂ ಅದೆ!” ಎಂದು ಕೂಗಿದ. ಜನರೆಲ್ಲ ಗೊಳ್ಳೆಂದು ನಕ್ಕರು. ಮೇಸ್ತ್ರಿ ಹಾಡಿದ ಸಾಲನ್ನೇ ಮತ್ತೆ ಹಾಡಿದ. ಜನ ಇನ್ನೂ ನಕ್ಕರು. ಹಿಂದಿನ ಕೊಡತಿಯವನ ಮುಖ ಕೆಂಪಾಯಿತು.

ವ್ಯಾಪಾರಿ ಒಳ್ಳೆಯವನೇ. ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಎಲ್ಲ ಚೆನ್ನಾಗಿದೆ, ಹಾಡು ಮೇಲಕ್ಕೇರುವ ಹೊತ್ತಿಗೆ ಆ ಹಿಂದಿನವನು ಅದರ ಕಾಲು ಹಿಡಿದು ಎಳೆಯುತ್ತಾನಲ್ಲ, ಅದೊಂದು ಬೇಡ ಎಂದ. ಮೇಸ್ತ್ರಿಗೂ ಅದು ಸರಿಯೆಂದೇ ತೋರಿತು.

“ಇಲ್ಲಿ ಗಾರೆ ಇಲ್ವಲ್ಲಣ್ಣ,” ಎಂದ ಹಿಂದಿನ ಕೊಡತಿಯವನಿಗೆ. “ಸ್ವಲ್ಪ ದಿನ ಪಕ್ಕದಲ್ಲಿ ಕೂತಿರು.”

“ಆಗ್ಲಿ,” ಎಂದ ಅವನು.

ಕತೆ ಇಲ್ಲಿಗೆ ಬರುವಾಗ ಮಂಟೇಲಿಂಗನಿಗೆ ತಡೆದುಕೊಳ್ಳಲಾಗಲಿಲ್ಲ. ಜಮಖಾನದ ಮೇಲೆ ಮುಂದಕ್ಕೆ ಸರಿದು ಕೂತ.

“ಅದೇ ಗುರುಗಳೇ! ಅಲ್ಲೇ ಕಳ್ಕೊಂಡಿದ್ದು ಅವರು!”

“ತಾಳು,” ಎಂದರು ಗುರುಗಳು. “ತಾರಸಿ ಇನ್ನೂ ಬಡಿದಿಲ್ಲ.”

ತಂಡಕ್ಕೆ ಹೆಸರು ಬಂತು. ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಕರೆ ಬಂತು. ಹಾಡು ಚೆನ್ನಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಹಿಂದಕ್ಕೆ ಎಳೆಯುವವರಿಲ್ಲದೆ ಮೇಸ್ತ್ರಿಯ ಗಂಟಲು ಬಿಚ್ಚಿಕೊಂಡಿತು, ಹಿಂದೆ ಎಂದೂ ಹಾಡದಷ್ಟು ಎತ್ತರಕ್ಕೆ ಹಾಡಿದ. ಬಡಿಯುವವರು ಕೊಡತಿಗೆ ಬಣ್ಣ ಬಳಿದರು. ಎದೆಮಟ್ಟಕ್ಕೆ ಎತ್ತುತ್ತಿದ್ದವರು ಈಗ ತಲೆಯ ಮೇಲಕ್ಕೆ ಎತ್ತಿ ಹೊಡೆಯುತ್ತಿದ್ದರು, ನೋಡುವವರಿಗೆ ಅದು ಚೆಂದ ಕಾಣುತ್ತಿತ್ತು. ಗಾರೆಯ ಕೆಲಸ ನಿಂತೇಹೋಯಿತು.

ಹಿಂದಿನ ಕೊಡತಿಯವನು ಪಕ್ಕದಲ್ಲಿ ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಅವನನ್ನು ಹೋಗು ಎಂದವರಿಲ್ಲ. ಊಟಕ್ಕೆ ಎಲ್ಲರ ಜೊತೆಗೇ ಎಲೆ ಹಾಕುತ್ತಿದ್ದರು. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದ. ಒಂದು ದಿನ ಅವನು ಬರಲಿಲ್ಲ. ಅವನು ಬಂದಿಲ್ಲವೆಂಬುದು ತಂಡದವರಿಗೆ ಹೊಳೆದದ್ದು ಮೂರನೆಯ ದಿನ. ಆ ಸಂಗತಿ ಹೇಗೋ ಅವನ ಕಿವಿಗೂ ಬಿತ್ತು. ಅದನ್ನು ಅವನು ಮರೆಯಲಿಲ್ಲ.

ಮೂರು ವರ್ಷ ಕಳೆಯಿತು. ಹಾಡು ಕೇಳಲು ಬರುವ ಜನಕ್ಕೆ ಜಗಲಿ ಸಾಲದೆ, ವ್ಯಾಪಾರಿ ಒಂದು ದೊಡ್ಡ ಛತ್ರ ಕಟ್ಟಿಸಿದ. ಗೋಡೆ ಎದ್ದಿತು, ತೊಲೆ ಬಿತ್ತು. ತಾರಸಿಯನ್ನು ನೀವೇ ಬಡಿಯಬೇಕು, ನೀವು ಬಡಿದ ತಾರಸಿಯ ಕೆಳಗೇ ನೀವು ಹಾಡಬೇಕು ಎಂದು ಮೇಸ್ತ್ರಿಗೆ ಹೇಳಿದ.

ಮೇಸ್ತ್ರಿ ಬೇರೆ ಯಾರನ್ನೂ ಕಳಿಸದೆ ತಾನೇ ಹಿಂದಿನ ಕೊಡತಿಯವನ ಮನೆಗೆ ಹೋದ. ಬಾಗಿಲಲ್ಲಿ ನಿಂತು, ತಾರಸಿ ಕೆಲಸ ಬಂದಿದೆ, ನೀನಿಲ್ಲದೆ ಆಗದು ಎಂದ. ಮೂರು ವರ್ಷದಿಂದ ಅವನು ಕಾದಿದ್ದ ಮಾತು ಅದು. ಬಂದಾಗ ಅದರಿಂದ ಹೊಟ್ಟೆ ತಣ್ಣಗಾಗಲಿಲ್ಲ. ಅದರ ಹಿಂದೆಯೇ ‘ತಪ್ಪಾಯಿತು’ ಎಂಬ ಇನ್ನೊಂದು ಮಾತು ಬರಲಿ ಎಂದು ಕಾದ. ಮೇಸ್ತ್ರಿಗೆ ಅದು ಹೊಳೆಯಲೇ ಇಲ್ಲ. ಹಿಂದಿನ ಕೊಡತಿಯವನು ಗೂಟದಲ್ಲಿದ್ದ ಕೊಡತಿಯನ್ನು ಇಳಿಸಿಕೊಂಡು ಹೊರಟ.

ಛತ್ರದ ಕೆಳಗೆ ಬೀದಿ ತುಂಬ ಜನ. ಹೆಸರಾದ ತಂಡ ತಾರಸಿ ಬಡಿಯುವುದನ್ನು ನೋಡಲು ಬಂದವರು. ಮೇಸ್ತ್ರಿ ಹಾಡು ಎತ್ತಿದ. ಹತ್ತು ಕೊಡತಿಗಳು ತಲೆಯ ಮೇಲಕ್ಕೆ ಹೋಗಿ ಒಟ್ಟಿಗೆ ಬಿದ್ದವು. ಹಿಂದಿನ ಕೊಡತಿಯವನು ನೋಡಿದ. ಅಷ್ಟು ಮೇಲಿನಿಂದ ಬಿದ್ದ ಕೊಡತಿ ನಡುವಿನಲ್ಲಿ ಹಳ್ಳ ಮಾಡುತ್ತದೆ, ಅಂಚನ್ನು ಮುಟ್ಟುವುದಿಲ್ಲ. ಸಂದಿ ಮೊದಲಿಗಿಂತ ಅಗಲವಾಗಿತ್ತು. ಏಟು ಹಾಕಿದ. ದಬ್.

“ಇನ್ನೂ ಅದೆ!”

ಬೀದಿಯಲ್ಲಿ ನಗು ಎದ್ದಿತು. ಮೇಸ್ತ್ರಿ ಮಾತ್ರ ನಗಲಿಲ್ಲ, ಹಾಡಿದ ಸಾಲನ್ನೇ ಮತ್ತೆ ಹಾಡಿದ. ಬಡಿದಲ್ಲೇ ಬಡಿದರು. ಅವನು ಮತ್ತೆ ಕೂಗಿದ. ಮತ್ತೆ ಬಡಿದರು. ಐದನೆಯ ಸಲಕ್ಕೆ ಸಾಲಿನ ತುದಿಯಲ್ಲಿದ್ದ ಒಬ್ಬ ಮುಖ ಗಂಟಿಕ್ಕಿಕೊಂಡು ತಿರುಗಿದ. “ಜನ ನೋಡ್ತಾವ್ರೆ, ಒಸಿ ಸುಮ್ಕಿರಯ್ಯ,” ಎಂದ.

ಹಿಂದಿನ ಕೊಡತಿಯವನಿಗೆ ಕೆನ್ನೆಗೆ ಹೊಡೆದಂತಾಯಿತು.

ಸಾಲು ಮೂಲೆಗೆ ಬಂತು. ಕೆಳಗೆ ಹಾಡುಗಾರರು ಕೂರಬೇಕಾದ ಜಗಲಿಯ ನೇರಕ್ಕೆ ಮೇಲ್ಗಡೆಯ ಜಾಗ ಅದು. ಅವನು ಏಟು ಹಾಕಿದ. ದಬ್. ಇನ್ನೊಂದು ಹಾಕಿದ. ದಬ್. ಮಾತು ಗಂಟಲವರೆಗೆ ಬಂತು. ಸುಮ್ಮನಿರು ಎಂದರಲ್ಲ, ಇರುತ್ತೇನೆ ಎಂದುಕೊಂಡ. ನುಂಗಿಕೊಂಡ.

ಮೇಸ್ತ್ರಿ ಹಾಡು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದ. ಅವನ ಕಿವಿಗೂ ಏನೋ ಅನುಮಾನ ತಟ್ಟಿರಬೇಕು. ನೋಡುತ್ತಲೇ ಇದ್ದ. ಕೊಡತಿಗಳೆಲ್ಲ ನಿಂತವು. ಬೀದಿಯಲ್ಲಿ ಜನ ಗುಜುಗುಜು ಶುರುಮಾಡಿದರು. ಹಿಂದಿನ ಕೊಡತಿಯವನು ತಲೆ ತಗ್ಗಿಸಿ ತನ್ನ ಕೊಡತಿಯ ಹಿಡಿಯನ್ನೇ ನೋಡುತ್ತ ಕೂತ. ಸುಮ್ಮನಿದ್ದ. ಅವನು ಸುಮ್ಮನಾದರೆ ಏನರ್ಥವೋ ಅದನ್ನೇ ಮೇಸ್ತ್ರಿ ತಿಳಿದುಕೊಂಡ. ಸಾಲು ಒಂದು ಮೊಳ ಮುಂದಕ್ಕೆ ಸರಿಯಿತು. ಹಿಂದಿನ ಕೊಡತಿಯವನು ಬದುಕಿನಲ್ಲಿ ಹೇಳಿದ ಮೊದಲ ಸುಳ್ಳು ಅದು, ಬಾಯಿ ಬಿಡದೆ ಹೇಳಿದ.

ಮಾರನೆಯ ದಿನವೂ ಹೇಳಬಹುದಿತ್ತು, ಗಾರೆ ಇನ್ನೂ ಹಸಿಯಿತ್ತು. ಹೇಳಲಿಲ್ಲ. ಮೂರನೆಯ ದಿನ ಹೇಳಲು ನಾಚಿಕೆಯಾಯಿತು. ಆಮೇಲೆ ಗಾರೆ ಬಿಗಿದುಕೊಂಡಿತು, ಅದರ ಮೇಲೆ ನುಣುಪು ಸುಣ್ಣ ಬಳಿದು ಉಜ್ಜಿದರು. ತಾರಸಿ ಕನ್ನಡಿಯಂತೆ ಹೊಳೆಯಿತು. ಅದನ್ನು ಕಂಡವರೆಲ್ಲ ಹೊಗಳಿದರು.

ಮಳೆ ಹಿಡಿಯಿತು. ಆಷಾಢ ಪೂರ್ತಿ ಸುರಿಯಿತು. ಶ್ರಾವಣದಲ್ಲಿ ವ್ಯಾಪಾರಿ ಒಳ್ಳೆಯ ದಿನ ನೋಡಿ ಛತ್ರದ ಬಾಗಿಲು ತೆರೆದ. ಅವತ್ತೂ ಮಳೆಯೇ. ಜನ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ತುಂಬಿಕೊಂಡರು. ಮೇಸ್ತ್ರಿಯ ತಂಡ ಜಗಲಿಯ ಮೇಲೆ ಹಲಗೆಯ ಪೀಠದ ಎದುರು ಕೂತಿತು.

ಹಿಂದಿನ ಕೊಡತಿಯವನು ಬಾಗಿಲಿನ ಬಳಿ ನಿಂತಿದ್ದ. ಅವನಿಗೆ ಯಾರ ಕೇಡೂ ಬೇಕಿರಲಿಲ್ಲ. ಹಾಡುವಾಗ ನಾಲ್ಕು ಹನಿ ಅವರ ತಲೆಯ ಮೇಲೆ ತೊಟ್ಟಿಕ್ಕಲಿ, ತನ್ನನ್ನು ನೋಡಿ ನಕ್ಕ ಜನ ಅವರನ್ನು ನೋಡಿ ನಗಲಿ, ಅಷ್ಟೇ. ಅಷ್ಟಕ್ಕೇ ಮಳೆಯಲ್ಲಿ ನೆನೆದುಕೊಂಡು ಬಂದಿದ್ದ.

ಹಾಡು ಶುರುವಾಯಿತು. ಅವನು ಮೇಲೆ ನೋಡಿದ. ಮೇಸ್ತ್ರಿಯ ನೆತ್ತಿಯ ನೇರಕ್ಕೆ ಅಂಗೈಯಗಲ ಒದ್ದೆ ಕಾಣಿಸಿತು. ಹಾಡಿನ ಎರಡನೆಯ ಸಾಲಿಗೆ ಅದು ಊಟದ ಎಲೆಯಷ್ಟಾಯಿತು. ಒಂದು ಹನಿ ಮೇಸ್ತ್ರಿಯ ಹೆಗಲ ಮೇಲೆ ಬಿತ್ತು. ಮೇಸ್ತ್ರಿ ಅದನ್ನು ಒರೆಸಿಕೊಂಡು ಹಾಡುತ್ತಲೇ ಇದ್ದ. ಹನಿ ಬೆಳ್ಳಗಿತ್ತು. ಬರಿಯ ನೀರಾಗಿದ್ದರೆ ಬೆಳ್ಳಗಿರುವುದಿಲ್ಲ. ಮೇಲೆ ಸುಣ್ಣವೇ ಕರಗಿ ಇಳಿಯುತ್ತಿತ್ತು, ಅಂದರೆ ಇಟ್ಟಿಗೆಗಳಿಗೆ ಹಿಡಿತ ಉಳಿದಿಲ್ಲ.

ಹಿಂದಿನ ಕೊಡತಿಯವನು ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಏಳಿ ಎಂದು ಕೂಗಬೇಕಿತ್ತು. ಓಡಿ ಎಂದು ಕೂಗಬೇಕಿತ್ತು. ಬಾಯಿಗೆ ಬಂದದ್ದು ಬದುಕೆಲ್ಲ ಕೂಗಿದ ಮಾತು.

“ಇನ್ನೂ ಅದೆ! ಇನ್ನೂ ಅದೆ!”

ಜನಕ್ಕೆ ಖುಷಿಯಾಯಿತು. ಹಳೆಯ ತಮಾಷೆಯನ್ನು ಮತ್ತೆ ಸೇರಿಸಿದ್ದಾರೆಂದುಕೊಂಡರು. ಕೈತಟ್ಟಿದರು. ಒಂದು ಮೂಲೆಯಿಂದ ಯಾರೋ, “ಇನ್ನೂ ಅದೆ!” ಎಂದರು. ಛತ್ರವೆಲ್ಲ ಅದನ್ನೇ ಹಿಡಿದುಕೊಂಡಿತು. ಸಾವಿರ ಜನ ಒಟ್ಟಿಗೆ, “ಇನ್ನೂ ಅದೆ! ಇನ್ನೂ ಅದೆ!” ಎಂದು ಕೂಗುವಾಗ ಒಬ್ಬನ ದನಿ ಎಲ್ಲಿ ಕೇಳೀತು. ಅವನು ಕೈಬೀಸಿ ತಾರಸಿಯನ್ನು ತೋರಿಸಿದ. ಜನರೂ ಅವನನ್ನು ನೋಡಿ ಕೈಬೀಸಿದರು.

ಮೇಸ್ತ್ರಿಯ ಕಣ್ಣೂ ಅವನ ಮೇಲೆ ಬಿತ್ತು. ಮೇಸ್ತ್ರಿಯ ಮುಖ ಅರಳಿತು. ಆ ಮಾತು ಕೇಳಿದರೆ ಏನು ಮಾಡಬೇಕೆಂದು ಅವನ ಮೈಗೇ ಗೊತ್ತಿತ್ತು. ಏಳಬಾರದು. ಹಾಡಿದ ಸಾಲನ್ನೇ ಮತ್ತೆ ಹಾಡಬೇಕು. ಮೇಸ್ತ್ರಿ ಕೂತಲ್ಲೇ ಕೂತು, ಕೊಡತಿ ಎತ್ತಿ, ಹಾಡಿದ ಸಾಲನ್ನೇ ಮತ್ತೆ ಎತ್ತಿಕೊಂಡ.

ಆ ಸಾಲು ಮುಗಿಯುವ ಮೊದಲೇ ಮೇಲಿನಿಂದ ಏಳೆಂಟು ಇಟ್ಟಿಗೆಗಳು ನೆನೆದ ಗಾರೆಯ ಸಮೇತ ಕುಸಿದವು. ತೊಲೆ ನಿಂತಿತು, ಆದ್ದರಿಂದ ಜನ ಉಳಿದರು. ಮೇಸ್ತ್ರಿಯ ಜೀವವೂ ಉಳಿಯಿತು. ಎತ್ತಿದ ಬಲಗೈ ಮಣಿಕಟ್ಟಿನಲ್ಲಿ ನುಚ್ಚಾಯಿತು. ಆ ಕೈ ಮತ್ತೆ ಕೊಡತಿ ಹಿಡಿಯಲಿಲ್ಲ.

ಎಷ್ಟೋ ದಿನದ ಮೇಲೆ ಹಿಂದಿನ ಕೊಡತಿಯವನು ಮೇಸ್ತ್ರಿಯನ್ನು ನೋಡಲು ಹೋದ. ಮೇಸ್ತ್ರಿ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

“ಅಣ್ಣ, ಅವತ್ತು ಆ ಮೂಲೇಲಿ ನಿಂಗೆ ಕೇಳಿಸಿತ್ತಾ?”

“ಕೇಳಿಸಿತ್ತು.”

“ಮತ್ತೆ ಯಾಕೆ ಹೇಳ್ನಿಲ್ಲ?”

“ನನ್ನ ಮಾತ ನೀವು ಕೇಳೋದು ಬಿಟ್ಟು ಮೂರು ವರ್ಷ ಆಗಿತ್ತಲ್ಲಪ್ಪ.”

ಮೇಸ್ತ್ರಿ ಅವನ ಮುಖ ನೋಡಿದ. “ನಾನು ತಿರುಗಿ ನೋಡ್ದೆನಲ್ಲಣ್ಣ,” ಎಂದ.

ಕತೆ ಅಲ್ಲಿಗೆ ಮುಗಿಯಿತು. ಗುರುಗಳು ಡೋಲನ್ನು ಮಡಿಲಿಗೆಳೆದುಕೊಂಡು ಬೆರಳ ತುದಿಯಿಂದ ಒಮ್ಮೆ ತಟ್ಟಿ ನೋಡಿ, ಗಂಟನ್ನು ಬಿಚ್ಚಿ ಬಾರನ್ನು ಮತ್ತೆ ಬಿಗಿಯತೊಡಗಿದರು.

ಮಂಟೇಲಿಂಗ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ. ತಪ್ಪು ಮಾಡಿದವರು ಅವರು, ಕತೆಯಲ್ಲಿ ಸಿಕ್ಕಿಬಿದ್ದವನು ತಾನು, ಇದು ಯಾವ ನ್ಯಾಯ ಎಂದು ಅವನಿಗೆ ಸಿಟ್ಟೂ ಬಂದಿತ್ತು.

“ಮೊದಲ ತಪ್ಪು ತಂಡದವರದ್ದೇ ಅಲ್ವಾ ಗುರುಗಳೇ?”

“ಅವರದ್ದೇ.”

“ಅವನನ್ನ ಪಕ್ಕಕ್ಕೆ ಕೂರಿಸಿದವರೂ ಅವರೇ. ಹೆಸರು ಬಂದ ಮೇಲೆ ಕಳ್ಕೊಂಡವರೂ ಅವರೇ.”

“ಹೌದಪ್ಪ, ಅವರೇ.”

ಕೇಳಿದ ಉತ್ತರ ಸಿಕ್ಕಿತ್ತು. ಕೈಮುಗಿದು ಎದ್ದುಬಿಡಬಹುದಿತ್ತು. ಮಂಟೇಲಿಂಗನಿಗೆ ಏಳಲಾಗಲಿಲ್ಲ. ಜೇಬಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ಅವನು ಬಟ್ಟೆಯ ಮೇಲಿನಿಂದಲೇ ಅದನ್ನು ಅಂಗೈಯಲ್ಲಿ ಅದುಮಿ ಹಿಡಿದುಕೊಂಡ. ಗುರುಗಳು ಬಾರು ಎಳೆಯುವುದನ್ನು ನಿಲ್ಲಿಸಿ, ಬಂದಾಗಿನಿಂದ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು.

“ಅವರು ಕಳ್ಕೊಂಡಿದ್ದು ಅಷ್ಟು ದಿನವೂ ಯಾರ ಕೈಲಿತ್ತು, ಮಂಟೇಲಿಂಗ?”

ಮಂಟೇಲಿಂಗ ತನ್ನ ಕೈಯನ್ನೇ ನೋಡಿದ. ಅಂಗೈಯ ಕೆಳಗೆ ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು.